ಚಾಮರಧಾರಿಣಿಯ ಮುಖ

ಒದ್ದೆ ಕಾಗದವನ್ನು ಕಲ್ಲಿನಿಂದ ಸುಲಿಯುತ್ತಿದ್ದಾಗ ಅದು ಯಾಕೋ ಭಾರವೆನಿಸಿತು. ಮನಸ್ವಿನಿ ತಿರುಗಿಸಿ ನೋಡಿದಳು. ಚಾಮರಧಾರಿಣಿಯ ಮೂಗು, ಮೇಲ್ದುಟಿ, ಒಂದು ಕಣ್ಣಿನ ನೀಳ ತುದಿ ಕಾಗದಕ್ಕೆ ಅಂಟಿಕೊಂಡು ಬಂದಿದ್ದವು. ಗೋಡೆಯಲ್ಲಿ ಮುಖವಿದ್ದ ಕಡೆ ಹಳದಿ ಕಲ್ಲು ಹಸಿಯಾಗಿ ಕಾಣುತ್ತಿತ್ತು.

ಭೂಕಂಪವಾಗಿ ಒಂದು ವರ್ಷವಾಗಿತ್ತು. ಅಹಮದಾಬಾದಿನ ಹೊರಗಿನ ಈ ಮೆಟ್ಟಿಲುಬಾವಿಯಲ್ಲಿ ಹಾನಿಗೊಂಡ ಉಬ್ಬುಶಿಲ್ಪಗಳನ್ನು ದಾಖಲಿಸಲು ಅವಳೂ ಜಯಂತಿಯೂ ತಮ್ಮ ಗೈಡ್ ಸುಬ್ರಹ್ಮಣ್ಯ ಸರ್ ಜೊತೆ ವಡೋದರಾದಿಂದ ಬಂದಿದ್ದರು. ಅಳತೆ ಹಿಡಿದು ಚಿತ್ರ ಬಿಡಿಸಿದರೆ ಸಾಕು, ಕಲ್ಲಿಗೆ ನೀರು ಸೋಕಿಸಬೇಡಿ ಎಂದು ಸರ್ ಮೊದಲ ದಿನವೇ ಹೇಳಿದ್ದರು. ಹಾಸನದ ಬಳಪದ ಕಲ್ಲಿನ ಗುಡಿಗಳಲ್ಲಿ ಒದ್ದೆ ಕಾಗದ ಒತ್ತಿ ಹತ್ತಾರು ಅಚ್ಚು ತೆಗೆದವಳಿಗೆ ಅದು ಅತಿ ಎಚ್ಚರಿಕೆ ಎನಿಸಿತ್ತು. ಅಲ್ಲಿ ಒಡವೆಯ ಒಂದೊಂದು ಮಣಿಯನ್ನೂ ಆಳವಾಗಿ ಕೊರೆದಿರುತ್ತಾರೆ. ಇಲ್ಲಿಯವರು ಮುಖವನ್ನು ತೆಳುವಾಗಿ, ಚೂಪಾಗಿ ಕಡೆದಿದ್ದರು. ಆ ತೆಳುವು ಪೆನ್ಸಿಲಿಗೆ ಸಿಗದೆ, ಸರ್ ಮೇಲೆ ಹೋದಾಗ ಅವಳು ಕಾಗದ ನೆನೆಸಿ ಹಚ್ಚಿ ಬ್ರಷ್ಷಿನಿಂದ ತಟ್ಟಿದ್ದಳು. ಈ ಮರಳುಗಲ್ಲಿನ ಪದರದ ಅಡಿಯಲ್ಲಿ ಉಪ್ಪುಗಟ್ಟಿರಬಹುದು, ನೀರು ತಾಗಿದರೆ ಪದರವೇ ಕಳಚಬಹುದು ಎಂದು ಅವಳಿಗೆ ಹೊಳೆದಿರಲಿಲ್ಲ.

ಧಾರವಾಡದ ಜಯಂತಿ ಹತ್ತಿರ ಬಂದು ನೋಡಿದವಳೇ ದನಿ ತಗ್ಗಿಸಿದಳು. "ಭೂಕಂಪದಾಗ ಹೋತು ಅಂತ ಬರಿ. ಇಲ್ಲಿ ಅರ್ಧಕ್ಕರ್ಧ ಮೂರ್ತಿಗೆ ಮೂಗಿಲ್ಲ. ಇದೊಂದನ್ನ ಯಾರು ಕೇಳ್ತಾರ?"

"ಬಣ್ಣ ನೋಡೇ. ಈಗ ಬಿದ್ದಿದ್ದು ಅಂತ ಯಾರಿಗಾದ್ರೂ ಗೊತ್ತಾಗುತ್ತೆ."

"ಮಣ್ಣು ತಿಕ್ಕಿದ್ರ ಗೊತ್ತಾಗೂದಿಲ್ಲ. ಮ್ಯಾಲೆ ಪುರಾತತ್ವ ಇಲಾಖೆ ಸಾಹೇಬ್ರು ಕುಂತಾರ. ಪರ್ಮಿಷನ್ ರದ್ದಾದ್ರ ನಿನ್ನ ಪಿಎಚ್‌ಡಿ ಅಷ್ಟ ಅಲ್ಲ, ನಂದೂ ಹೋಗ್ತದ."

ಜಯಂತಿ ಬಗ್ಗಿ ಬೊಗಸೆ ಧೂಳು ಎತ್ತಿಕೊಂಡಳು. ಮನಸ್ವಿನಿ ಅವಳ ಮಣಿಕಟ್ಟು ಹಿಡಿದಳು.

"ಮುಟ್ಟಬೇಡ. ಇನ್ನೂ ಉದುರುತ್ತೆ."

ಮೇಲಿನಿಂದ ಸರ್ ಚಪ್ಪಲಿಯ ಸದ್ದು ಇಳಿದು ಬರುತ್ತಿತ್ತು. ಮನಸ್ವಿನಿ ದಾಖಲೆ ಪುಸ್ತಕ ತೆರೆದಳು. ಹಾನಿಗೆ ಕಾರಣ ಬರೆಯುವ ಕಡೆ, ಪುಟದ ಮೇಲ್ತುದಿಯಲ್ಲಿ ಒಮ್ಮೆ 'ಭೂಕಂಪ' ಎಂದಿತ್ತು. ಅದರ ಕೆಳಗೆ ಸಾಲುಸಾಲಾಗಿ 'ಮೇಲಿನದೇ' ಎನ್ನುವ ಎರಡೆರಡು ಗೀಟು, ಎಲ್ಲವೂ ಅವಳೇ ಎಳೆದವು. ಇನ್ನೆರಡು ಎಳೆದರೆ ಮುಗಿಯುತ್ತಿತ್ತು. ಅವಳು ಬರೆದಳು: 'ಒದ್ದೆ ಕಾಗದದ ಅಚ್ಚು. ತೆಗೆದವಳು ಮನಸ್ವಿನಿ.'

ಸರ್ ಓದಿದರು. ಗೋಡೆ ನೋಡಿದರು.

"ಬೇರೆ ಎಲ್ಲಾದ್ರೂ ಹಚ್ಚಿದೀರಾ?"

"ಇಲ್ಲ ಸರ್. ಇದೊಂದೇ."

ಅವರು ಪುಸ್ತಕ ಮುಚ್ಚಿ ಕಂಕುಳಲ್ಲಿಟ್ಟುಕೊಂಡು ಇಲಾಖೆಯವರು ಕುಳಿತಿದ್ದ ಕಡೆಗೆ ಮೆಟ್ಟಿಲು ಹತ್ತತೊಡಗಿದರು. ಜಯಂತಿಯ ಬೆರಳ ಸಂದಿಯಿಂದ ಧೂಳು ಸೋರುತ್ತಿತ್ತು. ಹೆಜ್ಜೆ ಸದ್ದು ಒಂದು ಅಂತಸ್ತು ದಾಟಿತು, ಎರಡನೆಯದಕ್ಕೆ ಮುಟ್ಟಿತು, ಅಲ್ಲೇ ನಿಂತಿತು. ಮನಸ್ವಿನಿ ಕತ್ತೆತ್ತಿ ಕಾದಳು. ಸದ್ದು ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಬರಲಿಲ್ಲ.