ಸಾಲಿನ ನಡುವಿನ ಕಡಲೆ

ಹುಮನಾಬಾದಿನ ಔಷಧ-ಗೊಬ್ಬರದ ಅಂಗಡಿಗೆ ಮೀನಾ ಸೇರಿ ಎರಡು ತಿಂಗಳಾಗಿತ್ತು. ಬಸವಕಲ್ಯಾಣದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಅವಳಿಗೆ ಸಾಹುಕಾರ ತುಳಜಾರಾಮ ಮೊದಲ ದಿನವೇ ಹೇಳಿದ್ದ: "ಗಿರಾಕಿ ಬಾಯಿ ಮುಚ್ಚೋದ್ರಾಗ ಮಾಲು ಅವರ ಕೈಯಾಗ ಇರಬೇಕು." ಅಪರಿಚಿತರೊಡನೆ ಮಾತು ಬೆಳೆಸಲು ಅಳುಕುವ ಮೀನಾಗೆ ಆ ಪಾಠ ಹಿಡಿಸಿತ್ತು. ಬಾಟಲಿ, ಚೀಲ, ಬಿಲ್ಲು, ಅಷ್ಟೇ.

ಆ ಮುಂಜಾನೆ ಹಳ್ಳಿಖೇಡದ ಕೇಶರಬಾಯಿ ಗದ್ದಲದೊಳಗೆ ತೂರಿಕೊಂಡು ಬಂದಳು.

"ತಂಗಿ, ಕಬ್ಬಿನಾಗ ಅಗಲ ಎಲಿ ಕಸ ಭಾಳ ಎದ್ದದ. ಔಷಧ ಬೇಕಾಗಿತ್ತು. ಆದ್ರ ಸಾಲಿನ ನಡುವ ನಾ..."

"ಗೊತ್ತಾತ್ರಿ ಅಕ್ಕಾರ. ಕಬ್ಬಿಗಿ ಇದೇ." ಮೀನಾ ಆಗಲೇ ಚೀಲಕ್ಕೆ ಗಂಟು ಹಾಕಿದ್ದಳು.

"ಅದಲ್ಲವ್ವ, ನಾ ಏನಂತೀನಿ ಅಂದ್ರ..."

"ಏ ಬಾಯಿ, ಸರೀರಿ! ಇಲ್ಲೇನು ಬೀಗರ ಮಾತುಕತಿ ನಡದದೇನು?" ಹಿಂದಿನಿಂದ ಯಾರೋ ಕುಟುಕಿದರು. ನಾಲ್ಕು ಜನ ನಕ್ಕರು. ಕೇಶರಬಾಯಿ ಸೆರಗು ಎಳೆದುಕೊಂಡು ಹೊರಟುಹೋದಳು.

ಎರಡು ತಾಸಿನ ಮೇಲೆ ಅದೇ ಊರಿನ ಅಲ್ಲಾಬಕ್ಷ ಬಂದ.

"ಬೇಟಿ, ಕೇಶರಬಾಯಿ ಒಯ್ದ ಔಷಧಾನೇ ನನಗೂ ಕೊಡು. ಆಕಿ ಹಂಗ ನಾನೂ ಕಬ್ಬಿನ ನಡುವ ಕಡಲಿ ಹಾಕೀನಿ."

ಬಾಟಲಿಗೆ ಚಾಚಿದ ಮೀನಾಳ ಕೈ ಅಲ್ಲೇ ನಿಂತಿತು. ಅಗಲ ಎಲೆಯ ಕಸ ಸುಡುವ ಔಷಧ ಅದು. ಕಬ್ಬು ಉಳಿಯುತ್ತದೆ. ಔಷಧದ ಲೆಕ್ಕದಲ್ಲಿ ಕಡಲೆಯೂ ಅಗಲ ಎಲೆಯದೇ, ಉಳಿಯುವುದಿಲ್ಲ.

"ಚಾಚಾ, ಆಕಿ ಫೋನ್ ನಂಬರ?"

"ಆಕಿ ಹಂತ್ಯಾಕ ಫೋನ್ ಎಲ್ಲದ? ದಾರ್ಯಾಗ ಸಿಕ್ಕಿದ್ದಳು, ಇವತ್ತೇ ಹೊಡೀತೀನಿ ಅಂದಳು. ಯಾಕ? ಕಬ್ಬಿನ ರೊಕ್ಕ ಗಂಡಂದು, ಕಡಲಿ ರೊಕ್ಕ ಆಕೀದು. ಅದರ ಮ್ಯಾಲೇ ಮಗಳನ್ನ ನರ್ಸಿಂಗ್ ಓದಸ್ತೀನಂತ ಕುಂತಾಳ."

ಮೀನಾ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ತುಳಜಾರಾಮನ ಕಡೆ ತಿರುಗಿದಳು. "ಸಾಹುಕಾರ್ರ, ನಾ ಹಳ್ಳಿಖೇಡಕ್ಕ ಹೋಗಬೇಕ್ರಿ. ತಪ್ಪು ಔಷಧ ಕೊಟ್ಟೀನಿ."

"ಹುಚ್ಚಿ ಇದ್ದೀಯೇನು? ಕಬ್ಬಿಗಿ ಕೇಳಿದ್ಳು, ಕಬ್ಬಿಂದು ಕೊಟ್ಟಿ. ನಾವೇನು ಅವರ ಹೊಲ ನೋಡಿ ಬಂದೀವೇನು? ಇಷ್ಟು ಮಂದಿ ನಿಂತಾರ, ಯಾರು ನೋಡಬೇಕು ಇವರನ್ನ?"

ಅವನ ಮಾತೂ ಸುಳ್ಳಲ್ಲ. ಮೀನಾ ಬಿಲ್ಲಿನ ಪುಸ್ತಕ ಕೆಳಗಿಟ್ಟಳು. "ಅವರು ಹೇಳಾಕತ್ತಿದ್ರು. ನಾನೇ ಕೇಳಲಿಲ್ಲ."

"ಹೋದ್ರ ನಾಳಿ ಬರಬ್ಯಾಡ!"

ಅಷ್ಟರಲ್ಲಿ ಅವಳು ಅಲ್ಲಾಬಕ್ಷನ ಬೈಕಿನ ಹಿಂದೆ ಕುಳಿತಾಗಿತ್ತು. ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬ ತೆವಳುತ್ತಿದ್ದವು. ಒಂದನ್ನು ದಾಟಿದರೆ ಮುಂದೆ ಇನ್ನೊಂದು. ಕೈಯಲ್ಲಿನ ಫೋನು ನಡುಗುತ್ತಲೇ ಇತ್ತು: ಸಾಹುಕಾರ.

ಹೊಲದ ಬದುವಿಗೆ ಬಂದಾಗ ಕೇಶರಬಾಯಿಯ ಬೆನ್ನ ಮೇಲೆ ಪಂಪು ಇತ್ತು.

"ಅಕ್ಕಾರ, ನಿಲ್ಲಸ್ರಿ! ಕಡಲಿ ಸಾಯ್ತದ!"

ಕೂಗಿದ್ದು ತಾನೇ ಎಂದು ಮೀನಾಗೆ ನಂಬಿಕೆಯಾಗಲಿಲ್ಲ. ಕೇಶರಬಾಯಿ ತಿರುಗಿ ನೋಡಿ ಪಂಪು ಇಳಿಸಿದಳು. ಎರಡು ಸಾಲು ಮುಗಿದಿದ್ದವು. ಆ ಸಾಲುಗಳ ಕಡಲೆ ಇನ್ನೂ ಹಸಿರಾಗಿಯೇ ಇತ್ತು. ನಾಲ್ಕು ದಿನದಲ್ಲಿ ಸುಟ್ಟುಹೋಗುವ ಅದನ್ನು ನೋಡುವುದೇ ಹೆಚ್ಚು ಕಷ್ಟವಾಯಿತು.

"ಇದನ್ನೇ ಹೇಳಾಕ ಬಂದಿದ್ದೆನಲ್ಲವ್ವ," ಎಂದಳು ಕೇಶರಬಾಯಿ. ದನಿಯಲ್ಲಿ ಸಿಟ್ಟಿಗಿಂತ ದಣಿವಿತ್ತು. "ನೀ ಗಂಟು ಹಾಕಿಬಿಟ್ಟಿ."

"ತಪ್ಪಾತ್ರಿ." ಮೀನಾ ಬದುವಿನ ಮೇಲೆ ಕುಳಿತಳು. "ಉಳಿದ ಸಾಲಿನ ಕಸ ಕೈಲೇ ತಗೀಬೇಕಾಗ್ತದ. ನಾನೂ ಬರ್ತೀನಿ. ಮೊದಲ ಹೇಳ್ರಿ, ಮುಂಜಾನೆ ಏನು ಹೇಳಾಕತ್ತಿದ್ರಿ? ಪೂರ್ತಿ ಹೇಳ್ರಿ."

ಕೇಶರಬಾಯಿ ಅವಳ ಎದುರಿಗೆ ಕುಳಿತಳು. "ನೋಡು, ದೀಪಾವಳಿ ಮುಂದ ಬಿತ್ತೀವಿ..."

ಫೋನು ಮತ್ತೆ ನಡುಗಿತು. ಈ ಸಲ ಮೀನಾ ಎತ್ತಿದಳು.

"ಗಿರಾಕಿ ಮಾತಾಡಾಕತ್ತಾರ್ರಿ ಸಾಹುಕಾರ್ರ. ಮುಗದ ಮ್ಯಾಲ ಮಾಡ್ತೀನಿ."

ಫೋನು ಮಡಿಲಲ್ಲಿಟ್ಟು ಕೇಶರಬಾಯಿಯ ಕಡೆ ತಿರುಗಿದಳು. "ಬಿತ್ತೀರಿ, ಆಮ್ಯಾಲ?"