ಗೋಡೆಯ ಮೇಲಿನ ಅರ್ಧ ತಲೆ

ಗೋಡೆಗೆ ಹಚ್ಚಿ ತೋರಿಸಿದ ಎರಡು ಬಣ್ಣದ ಪಟ್ಟೆಗಳಲ್ಲಿ ಎಡಗಡೆಯದು ಕಪ್ಪು, ಬಲಗಡೆಯದೂ ಕಪ್ಪು, ಒಂದು ತವೆಯ ತಳ, ಇನ್ನೊಂದು ಪಕ್ಕದ ಮನೆಯವರ ತವೆಯ ತಳ, ಸಾಕ್ಷಾತ್ ಭಗವಂತನೇ ಬಂದು ಬಾಗಿಲಲ್ಲಿ ನಿಂತರೂ ಇವೆರಡರಲ್ಲಿ ಒಂದನ್ನು ಆರಿಸಲಾರದೆ ಕಣ್ಣುಜ್ಜಿಕೊಂಡಾನು, ಅಂದುಕೊಂಡಳು ಅವಳು, ಇವಳು ನೋಡು, ಹೆತ್ತ ಮಗಳು, ಬಣ್ಣದ ಕಾರ್ಡುಗಳನ್ನು ಬೀಸಣಿಗೆಯ ಹಾಗೆ ಬಿಡಿಸಿಕೊಂಡು ಓದುತ್ತಿದ್ದಾಳೆ, ಇದು ಇರುಳ ಮೌನ ಅಮ್ಮ, ಇದು ಮುಗಿಲ ನೆರಳು, ನಿಂಗೆ ಯಾವ್ದು ಇಷ್ಟ — ಮೌನವಂತೆ, ನೆರಳಂತೆ, ಡಬ್ಬಕ್ಕೆ ಹೆಸರಿಡಲು ಸಂಬಳ ಕೊಟ್ಟು ಯಾರನ್ನೋ ಕೂರಿಸಿರಬೇಕು, ಮಾಡಲು ಬೇರೆ ಕೆಲಸವಿಲ್ಲದವನನ್ನು, ಮತ್ತೆ ಈ ಬಣ್ಣ ಬಳಿಯುವವನು, ಎರಡೂ ಚೆನ್ನಾಗೇ ಕಾಣುತ್ತೆ ಬಿಡಿ ಅಮ್ಮ, ಬೆಳಗಿನಿಂದ ಅದೇ ಮಾತು, ಇವನಿಗೆ ಚರಂಡಿ ತೋರಿಸಿದರೂ ಚೆನ್ನಾಗೇ ಕಾಣುತ್ತೆ. ಅಪ್ಪಂಗೆ ಕಣ್ಣು ಆಪರೇಷನ್ ಆದ್ಮೇಲೆ ಬೆಳಕು ಚುಚ್ಚುತ್ತಂತೆ, ಗಾಢ ಬಣ್ಣ ಆದ್ರೆ ತಂಪಾಗಿರುತ್ತೆ, ಅಂದಳು ಮಗಳು, ಭಾನುವಾರ ಕರ್ಕೊಂಡ್ ಬರೋಷ್ಟರಲ್ಲಿ ವಾಸನೆನೂ ಹೋಗಿರುತ್ತೆ. ಅಪ್ಪ. ಇವಳು ಮೂರನೇ ಕ್ಲಾಸಿನಲ್ಲಿದ್ದಾಗ, ಹಲ್ಲುಜ್ಜುವ ಬ್ರಷ್ಷನ್ನೂ ಮರೆಯದೆ ಎತ್ತಿಕೊಂಡು ಆಸ್ಪತ್ರೆಯ ನರ್ಸಿನ ಮನೆ ಸೇರಿದ ಅಪ್ಪ, ಬ್ರಷ್ ನೆನಪಿತ್ತು ಮಹಾರಾಯನಿಗೆ, ಮಗುವಿಗೆ ಜ್ವರವಿದ್ದದ್ದು ನೆನಪಿರಲಿಲ್ಲ — ಈಗ ಆ ನರ್ಸಮ್ಮನಿಗೆ ಊರವರ ಕಣ್ಣಿಗೆಲ್ಲ ಹನಿ ಹಾಕಿ ಹಾಕಿ ಇವನ ಕಣ್ಣಿನ ಸರದಿ ಬರುವ ಹೊತ್ತಿಗೆ ಸಾಕಾಗಿ ಹೋಯಿತಂತೆ, ಪಾಪ. ಅವನು ಬರಲೋ ಬೇಡವೋ ಅಂತ ಅವಳನ್ನು ಯಾರೂ ಕೇಳಲಿಲ್ಲ, ಬಣ್ಣ ಯಾವುದು ಅಂತ ಕೇಳಿದರು, ಎರಡು ಡಬ್ಬ ಮುಂದಿಟ್ಟು ಆರಿಸಿಕೋ ಅಂದರು, ದೊಡ್ಡ ಮರ್ಯಾದೆ. ಆ ಕಲೇನೂ ಮುಚ್ಚಿಹೋಗುತ್ತೆ ನೋಡಮ್ಮ, ಅನ್ನುತ್ತಾಳೆ ಮಗಳು, ಅವಳು ನೋಡುತ್ತಾಳೆ, ನೋಡದೆ ಎಲ್ಲಿಗೆ ಹೋಗುತ್ತಾಳೆ, ಆಗ ಮಂಚದ ತಲೆದಿಕ್ಕಿಗಿದ್ದ ಗೋಡೆ, ಅಲ್ಲೇ ಒರಗಿ, ಮೊಣಕಾಲು ಮಡಚಿ, ರೇಡಿಯೋ ಕಿವಿಗೊತ್ತಿಕೊಂಡು ಸಂಜೆಗಟ್ಟಲೆ ಕೂತಿರುತ್ತಿದ್ದ, ಲೇ ಒಂದ್ ಲೋಟ ನೀರು, ತಲೆಯಿಂದ ಇಳಿಯುವಷ್ಟು ಎಣ್ಣೆ, ಆ ಎಣ್ಣೆ ಗೋಡೆ ಕುಡಿದು ತಲೆಯಷ್ಟಗಲದ ಗುಂಡು ಕಲೆ, ಹೋದವನು ಹೋದ, ತಲೆ ಇಲ್ಲೇ ಬಿಟ್ಟ. ಅವಳೇ ಸ್ಟೂಲು ಹತ್ತಿ ಸುಣ್ಣ ಬಳಿದಿದ್ದಳು, ಕಲೆ ಹಬೆಯಂತೆ ಮೇಲೆದ್ದು ಬಂತು, ಮತ್ತೆ ಬಳಿದಳು, ಮತ್ತೆ ಬಂತು, ಕೊನೆಗೆ ಮಂಚವನ್ನೇ ಆಚೆ ಗೋಡೆಗೆ ಎಳೆದು ಕಲೆಗೆ ಬೆನ್ನು ಹಾಕಿ ಮಲಗಿದಳು, ಬೆನ್ನು ಹಾಕಿದರೂ ಗೊತ್ತಾಗುತ್ತಿತ್ತು ಅದು ಅಲ್ಲಿದೆ ಅಂತ, ಕೆಲವು ಸಲ ದೇವರ ಮುಂದೆ ಕೈಮುಗಿದು ಕೂತಾಗಲೂ ಕಣ್ಣ ಮುಂದೆ ಅದೇ ಕಲೆ, ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಅಮ್ಮ, ಬೇಗ ಹೇಳು, ಅವ್ರು ದೊಡ್ಡ ಡಬ್ಬ ಓಪನ್ ಮಾಡ್ಬೇಕು. ಕಲೆಯ ಎಡ ಅರ್ಧದ ಮೇಲೆ ಒಂದು ಪಟ್ಟೆ, ಬಲ ಅರ್ಧದ ಮೇಲೆ ಇನ್ನೊಂದು, ಬೆಳಿಗ್ಗೆ ಹಚ್ಚಿದ್ದು ಈಗ ಒಣಗಿದೆ, ಬಾಗಿಲಲ್ಲಿ ನಿಂತ ಮಗಳಿಗೆ ಎರಡೂ ಒಂದೇ, ಅವಳು ಕಿಟಕಿಯ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದಳು — ಬಲಗಡೆ ಏನೂ ಇಲ್ಲ, ಬರಿ ಕಪ್ಪು, ಹೂತಿಟ್ಟ ಹಾಗೆ, ಎಡಗಡೆ ಮಾತ್ರ ಜಿಡ್ಡು ಬಣ್ಣವನ್ನು ದಾಟಿ ಬಂದಿದೆ, ನಯವಾದ ಕಪ್ಪಿನೊಳಗೆ ಮಿರುಗುವ ಕಪ್ಪು, ಕಿವಿಯ ಏರು ಸಮೇತ ಅರ್ಧ ತಲೆ. ಬಲಗಡೆಯದು ಅಂದರೆ ಮುಗಿಯಿತು, ಭಾನುವಾರ ಬಂದು ಚೊಕ್ಕ ಗೋಡೆಗೆ ಹೊಸದಾಗಿ ಒರಗುತ್ತಾನೆ, ಏನೂ ಆಗಿಯೇ ಇಲ್ಲವೆಂಬಂತೆ, ಲೇ ಒಂದ್ ಲೋಟ ನೀರು. ಎಡಗಡೆಯದು, ಅಂದಳು. ಬಣ್ಣದವನು ಒಳ್ಳೇ ಸೆಲೆಕ್ಷನ್ ಅಮ್ಮ ಅಂದ, ಇನ್ನೊಂದು ಅಂದಿದ್ದರೂ ಅದನ್ನೇ ಅನ್ನುತ್ತಿದ್ದ, ಮಗಳು ಅಬ್ಬಾ ಅಂತೂ ಬಾಯಿ ಬಿಟ್ಟೆಯಲ್ಲ ಅಂದು ನಕ್ಕಳು, ನಗಲಿ, ಬರಲಿ ಅವನು, ಕಣ್ಣು ಸರಿಹೋಗಲಿ, ಒಂದು ಬೆಳಿಗ್ಗೆ ಈ ಕಿಟಕಿಯ ಬೆಳಕು ಓರೆಯಾಗಿ ಬಿದ್ದಾಗ ನೋಡಲಿ, ತಾನು ಇಲ್ಲದ ಅಷ್ಟೂ ವರ್ಷ ಈ ಮನೆಯಲ್ಲಿ ಏನಿತ್ತು ಅಂತ, ಬ್ರಷ್ಷು ಗೋಡೆಗೆ ತಗುಲಿತು, ಎಡದಿಂದ ಬಲಕ್ಕೆ, ಹಸಿ ಬಣ್ಣದಡಿ ಬಲಗಡೆಯ ಪಟ್ಟೆ ಮುಳುಗಿತು, ಅವಳು ಕಿಟಕಿಯ ಬಳಿಯಿಂದ ಕದಲಲಿಲ್ಲ, ಒಣಗಲಿ, ಒಣಗಲಿ, ಬಲಗಡೆ ಅಡಿಯಲ್ಲಿ ಆ ಹೂತಿಡುವ ಕಪ್ಪು ಇದೆ, ಅಲ್ಲಿ ಕಲೆ ಬರುವುದೋ ಇಲ್ಲವೋ, ಎಡಗಡೆ ಆಗಲೇ, ಆ ಮಿರುಗು, ಆ ಕಿವಿ, ಆ ಅರ್ಧ ತಲೆ —