ಬೋರಲು ಹಾಕಿದ ಕೊಡ

ನೀಲಗುಂದದ ಮಾಳಮ್ಮ ಮಗಳ ಹೆರಿಗೆಗೆಂದು ಕೂಡ್ಲಿಗಿ ಕಡೆಯ ಬೀಗರ ಹಳ್ಳಿಗೆ ಬಂದದ್ದೇ ನಾಚಿಕೆ ನುಂಗಿಕೊಂಡು. ಹೆರಲು ಮಗಳು ತವರಿಗೆ ಬರಬೇಕು, ಅದು ರೂಢಿ. ಆದರೆ ತವರಿನ ಬಾವಿ ಶಿವರಾತ್ರಿಗೇ ತಳ ಕಂಡಿತ್ತು. "ಇಲ್ಲೇ ಇರಲಿ ಬಿಡ್ರಿ, ನಮ್ಮ ಬಾವ್ಯಾಗ ಇನ್ನೂ ಒರತಿ ಐತಿ" ಎಂದು ಬೀಗರು ಹೇಳಿ ಕಳಿಸಿದ್ದರು.

ಆ ಒರತೆಯೂ ಈಗ ಕಣ್ಣೀರಿನಷ್ಟಾಗಿತ್ತು. ಬೋರಿಂಗು ಬರೀ ಗಾಳಿ ಉಗುಳುತ್ತಿತ್ತು. ಊರಿನ ಹುಲುಗಣ್ಣನೆಂಬವನು ಬಾವಿಯ ತಳಕ್ಕಿಳಿದು ಚರಗಿಯಲ್ಲಿ ಕೆರೆದು ಕೆರೆದು ಬಕೀಟಿಗೆ ಹಾಕುವನು; ಮೇಲಿದ್ದವರು ಸೇದುವರು. ಬಿಸಿಲಿಗೆ ನಿಲ್ಲಲಾರದ ಹೆಂಗಸರು ಕೊಡಗಳನ್ನು ಸಾಲಿಗಿಟ್ಟು ಬೇವಿನ ನೆರಳಿಗೆ ಸರಿಯುವರು. ಸಾಲು ಕಾಯುವವಳು ನಾಗಕ್ಕ. ಅವಳ ಮಾತು ಮೀರಿದವರಿಲ್ಲ.

ಮಾಳಮ್ಮನೂ ಬೆಳಗ್ಗೆಯೇ ಕೊಡ ಇಟ್ಟಿದ್ದಳು. ಅಷ್ಟರಲ್ಲಿ ಮಗಳು ಪಕ್ಕೀರಮ್ಮನಿಗೆ ಬೇನೆ ಹತ್ತಿತೆಂದು ನೆರೆಮನೆಯಾಕೆ ಕೂಗಿದಳು. ಆಡುಗಳು ಬಾಯಿ ಹಾಕಿಯಾವೆಂದು ಕೊಡವನ್ನು ಬೋರಲು ಹಾಕಿ ಓಡಿದಳು. ಅವಳ ಊರಲ್ಲಿ ಎಲ್ಲರೂ ಮಾಡುವುದು ಹಾಗೇ.

ಮನೆಯಲ್ಲಿ ಹಂಡೆ ಒಣಗಿತ್ತು. ಮಗಳ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು.

"ಮೊದಲ ನೀರು ತಾರವ್ವಾ," ಸೂಲಗಿತ್ತಿ ಎರ್ರಮ್ಮ ಗದರಿದಳು. "ಬಾಯಿ ಒಣಗಿಸಿಕೊಂಡು ಮುಕ್ಕರಿ ಅಂದ್ರ ಎಲ್ಲಿಂದ ಮುಕ್ಕರ್‍ಯಾಳ?"

ಮಾಳಮ್ಮ ಮತ್ತೆ ಬಾವಿಗೆ ಬಂದಾಗ ಅವಳ ಕೊಡ ಸಾಲಿನಿಂದಾಚೆ, ಕಟ್ಟೆಯ ಮಗ್ಗುಲಲ್ಲಿತ್ತು. ಹಿಂದಿದ್ದ ಎಷ್ಟೋ ಕೊಡಗಳು ನೀರು ಕಂಡು ಹೋಗಿದ್ದವು.

"ಯಾರವ್ವಾ ನನ್ನ ಕೊಡ ಸರಿಸಿದಾಕಿ?"

"ನೀನ ಸರಿಸೀದಿ," ನಾಗಕ್ಕ ಹೇಳಿದಳು. "ಬೋರಲು ಹಾಕಿದ್ರ ಇವತ್ತಿನ ಪಾಳಿ ಬ್ಯಾಡ ಅಂದಂಗ. ನಮ್ಮೂರಾಗ ಹಿಂಗ."

"ನನಗೇನು ಗೊತ್ತವ್ವಾ! ಆಡು ಮೂತಿ ಇಡ್ತಾವಂತ..."

"ನೀಲಗುಂದದಾಗ ನೀರ ಇಲ್ಲಂತ," ನೆರಳಿನಿಂದ ಯಾರೋ ಅಂದರು. "ಬೀಗತಿ ಕೊಡ ಬೋರಲು ಹಾಕದ ಇನ್ನೇನು ಮಾಡ್ಯಾಳ!"

ಒಂದಿಬ್ಬರು ನಕ್ಕರು.

"ಮಗಳು ಬ್ಯಾನಿ ತಿನ್ನಾಕತ್ಯಾಳ ನಾಗಕ್ಕ. ನಿನ್ನ ಕಾಲಿಗೆ ಬೀಳ್ತೀನಿ, ಒಂದ ತಂಬಿಗಿ."

ನಗು ನಿಂತಿತು. ಯಾರೂ ಕಣ್ಣು ಎತ್ತಲಿಲ್ಲ. ನಾಗಕ್ಕನ ದನಿ ಇಳಿಯಿತು. "ಇವತ್ತು ನಿನಗ ಪಾಳಿ ಮುರಿದ್ರ ನಾಳಿ ಮನಿಮನಿಗೂ ಒಂದೊಂದು ಬ್ಯಾನಿ ಹುಟ್ಟತೈತಿ, ಯಕ್ಕಾ. ಹೋದ ಬ್ಯಾಸಿಗ್ಯಾಗ ಇದ ಕಟ್ಟಿ ಮ್ಯಾಲೆ ತಲಿ ಒಡದಾವ. ಪಾಳಿ ಬಿಟ್ಟು ಕೊಡಕ್ಕೂ ಇಲ್ಲ, ತಂಬಿಗಿಗೂ ಇಲ್ಲ."

ಆಗಿನ ಪಾಳಿ ದ್ಯಾಮಕ್ಕನದು. ಜ್ವರದ ಮಾವನನ್ನು ಮನೆಯಲ್ಲಿ ಮಲಗಿಸಿ ಬಂದವಳು. ಅವಳಿಗೂ ಸಿಕ್ಕದ್ದು ಅರೆಕೊಡ ರಾಡಿನೀರು.

"ಸೆರಗಿಗೆ ಪಾಳಿ ಎಲ್ಲೈತಿ, ನಾಗಕ್ಕ?" ಎಂದಳು.

ನಾಗಕ್ಕ ಬಾವಿಗೆ ಬಗ್ಗಿ, ಕೆಲಸವಿಲ್ಲದಿದ್ದರೂ ಹುಲುಗಣ್ಣನನ್ನು ಕೂಗತೊಡಗಿದಳು. ದ್ಯಾಮಕ್ಕ ಮಾಳಮ್ಮನ ಸೆರಗಿನ ಮೇಲೆ ಕೊಡ ಬಾಗಿಸಿದಳು.

ತೊಯ್ದ ಸೆರಗನ್ನು ಉಂಡೆ ಮಾಡಿಕೊಂಡು ಮಾಳಮ್ಮ ಓಡಿದಳು. ಎದೆಗೊತ್ತಿದರೆ ಕುಬಸ ಕುಡಿಯುತ್ತಿತ್ತು, ದೂರ ಹಿಡಿದರೆ ಬಿಸಿಗಾಳಿ ಕುಡಿಯುತ್ತಿತ್ತು. ಯಾವುದಕ್ಕೆ ಕೊಡಲಿ ಎಂದು ತಿಳಿಯದೆ ಓಡಿದಳು.

ಹಿಂಡಿದಾಗ ಮಗಳ ಬಾಯಿಗೆ ಬಿದ್ದದ್ದು ಕೆಂಪು ಮಣ್ಣಿನ ನಾಲ್ಕಾರು ಹನಿ. ಪಕ್ಕೀರಮ್ಮ ಕಣ್ಣು ತೆರೆಯದೆಯೇ ಸೆರಗಿಗೆ ಬಾಯಿ ಹಾಕಿ ಚೀಪತೊಡಗಿದಳು.

"ಬಿಡಬ್ಯಾಡ, ಅದನ್ನ ಕಚ್ಚಿಕೊಂಡು ಮುಕ್ಕರಿ," ಎಂದಳು ಎರ್ರಮ್ಮ. ಕೊಂಚ ಹೊತ್ತಿನ ಮೇಲೆ, "ಇನ್ನ ತಲಿ ಕಂಡಿಲ್ಲ" ಎಂದಳು.

ಬಟ್ಟೆ ಒಣಗಿತು. ಮಗಳು ಬಿಡಲಿಲ್ಲ. ಎದ್ದರೆ ಬಾಯಿಂದ ಕಿತ್ತುಕೊಂಡಂತಾದೀತೆಂದು ಮಾಳಮ್ಮ ಬಗ್ಗಿಯೇ ಕುಳಿತಳು.